ವೇಗದ ಗೆರೆ ಬಗ್ಗಿಸುವ ಗೇರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮೂಲೆಯ ಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಸೈಕಲ್ ಪಂದ್ಯದ ಸವಾರನೊಬ್ಬ ತಿರುವಿನಲ್ಲಿ ನಿಂತುಬಿಟ್ಟಿದ್ದಾನೆ. ಒಂದು ಮೊಣಕಾಲು ಮೇಲೆ, ಇನ್ನೊಂದು ಕೆಳಗೆ, ಗದ್ದದ ತುದಿಯಲ್ಲಿ ಬೀಳಲೋ ಬೇಡವೋ ಎನ್ನುತ್ತಿರುವ ಬೆವರ ಹನಿ. ಗೇರಕ್ಕ ಅವನನ್ನು ಒಂದಿಷ್ಟು ಹಿಂದಕ್ಕೆ ಎಳೆದು ಮತ್ತೆ ಬಿಡುತ್ತಾರೆ. ಸವಾರ ಗಾಳಿಯಂತೆ ಬರುತ್ತಾನೆ, ತಿರುವಿನಲ್ಲಿ ಚಮಚೆಯಿಂದ ಇಳಿಯುವ ಜೇನಿನಷ್ಟು ನಿಧಾನವಾಗುತ್ತಾನೆ, ಹನಿ ಗದ್ದ ಬಿಟ್ಟ ಕೂಡಲೇ ಮತ್ತೆ ಗಾಳಿಯಾಗಿ ಹೊರಟುಹೋಗುತ್ತಾನೆ. ಗೇರಕ್ಕ ತಲೆ ಅಲ್ಲಾಡಿಸುತ್ತಾರೆ.

"ಇಲ್ಲೊಂಚೂರು ಜರ್ಕ್ ಹೊಡೀತಿದೆ," ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ. "ಬಸ್ಸಲ್ಲಿ ಡ್ರೈವರ್ ಗೇರು ಬದಲಾಯಿಸಿದ್ದು ನಿಂತ ಪ್ರಯಾಣಿಕರಿಗೆ ಗೊತ್ತಾಗ್ಬಾರ್ದು ನೋಡಿ, ಹಂಗಿರ್ಬೇಕು."

ಈ ಮಾತಿನಿಂದಲೇ ಅವರಿಗೆ ಗೇರಕ್ಕ ಎಂಬ ಹೆಸರು ಬಿದ್ದದ್ದು. ಊರಿನ ಕ್ಯಾಮೆರಾದವರೆಲ್ಲ ಹಾಗೇ ಕರೆಯುತ್ತಾರೆ. ನಿಜವಾದ ಹೆಸರು ಕೇಳಿದರೆ ಅವರಲ್ಲಿ ಅರ್ಧದಷ್ಟು ಜನ ತಲೆ ಕೆರೆದುಕೊಂಡಾರು. ಮದುವೆ, ಕ್ರೀಡಾಕೂಟ, ಅಂಗಡಿಯ ಜಾಹೀರಾತು, ಯಾವುದನ್ನೇ ಚಿತ್ರೀಕರಿಸಲಿ, ಓಡುವುದನ್ನು ನಿಲ್ಲಿಸುವ, ನಿಂತದ್ದನ್ನು ಓಡಿಸುವ ಕೆಲಸ ಬಂದರೆ ಅದು ಈ ಕೋಣೆಗೇ ಬರುತ್ತದೆ. ಕಸುಬಿನವರು ಇದನ್ನು ಸ್ಪೀಡ್ ರ‍್ಯಾಂಪ್ ಎನ್ನುತ್ತಾರೆ. ಒಂದೇ ದೃಶ್ಯ, ನಡುವೆ ಎಲ್ಲೂ ಕತ್ತರಿ ಇಲ್ಲ. ಆದರೆ ಅದರ ವೇಗ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಪರದೆಯ ಕೆಳಭಾಗದಲ್ಲಿ ಆ ವೇಗವನ್ನು ತೋರಿಸುವ ಗೆರೆಯೊಂದಿರುತ್ತದೆ. ಗೆರೆಯನ್ನು ಮೇಲಕ್ಕೆತ್ತಿದರೆ ಜನ ಓಡುತ್ತಾರೆ, ಕೆಳಕ್ಕೆ ಇಳಿಸಿದರೆ ತೇಲುತ್ತಾರೆ. ಏರುವ ಇಳಿಯುವ ಜಾಗದಲ್ಲಿ ಅದು ಮೂಲೆಯಾಗಿ ಮುರಿಯಬಾರದು, ಬಳ್ಳಿಯಂತೆ ಬಾಗಬೇಕು. ಗೇರಕ್ಕನ ದಿನವೆಲ್ಲ ಕಳೆಯುವುದು ಆ ಬಾಗುವಿಕೆಯಲ್ಲೇ.

ಬೆಳಗಿನ ಜಾವವೇ ಯಾಕೆ ಎಂದರೆ ಕಾರಣ ಕೆಳಗಡೆ ಇದೆ. ನೆಲಮಹಡಿಯಲ್ಲಿ ಫ್ರಿಜ್ ರಿಪೇರಿ ಅಂಗಡಿ. ಅದರ ಶಟರ್ ಎದ್ದು, ಒಂದರ ಹಿಂದೊಂದು ಮೋಟಾರು ಶುರುವಾದವೆಂದರೆ ಗೇರಕ್ಕನ ಮೇಜು ಸಣ್ಣಗೆ ನಡುಗುತ್ತದೆ, ಮೌಸು ಹಿಡಿದ ಕೈಯೂ ಅದರ ಜೊತೆಗೆ. ಹಾಗಾಗಿ ಸೂಕ್ಷ್ಮದ ಕೆಲಸವೆಲ್ಲ ಬೆಳಗ್ಗೆಯೇ ಮುಗಿಯಬೇಕು. ಆಮೇಲಿನದು ಹೆಸರು ಬರೆಯುವುದು, ಸಂಗೀತ ಕೂರಿಸುವುದು, ಕಳಿಸುವುದು. ಕೋಣೆಯಲ್ಲಿ ಎರಡು ಪರದೆ, ಕೂರಲೂ ಮಲಗಲೂ ಒಂದು ಕಬ್ಬಿಣದ ಮಂಚ, ಗೋಡೆಗೊರಗಿಸಿದ ಮಡಚುವ ಕುರ್ಚಿ. ಹಗಲೂ ಕಿಟಕಿಗೆ ಪರದೆ ಎಳೆದೇ ಇರುತ್ತದೆ. ಬಿಸಿಲು ಬಿದ್ದರೆ ಬಣ್ಣ ತಪ್ಪಾಗಿ ಕಾಣುತ್ತದಂತೆ. ಹೊರಗೆ ಮೋಡವೋ ಬಿಸಿಲೋ ಎಂಬುದು ಅವರಿಗೆ ತಿಳಿಯುವುದು ಹಾಲು ತರಲು ಕೆಳಗಿಳಿದಾಗಲೇ.

ಹೀಗೆ ಒಬ್ಬರೇ ಕೂರುವುದು ಅವರ ಜಾಯಮಾನವಲ್ಲ. ಮೊದಲು ಊರಿನ ಕೇಬಲ್ ಟಿವಿ ಆಫೀಸಿನಲ್ಲಿದ್ದರು. ಪರದೆಯ ಅಡಿಯಲ್ಲಿ ಹರಿದುಹೋಗುವ ಜಾಹೀರಾತಿನ ಸಾಲುಗಳನ್ನು ಟೈಪ್ ಮಾಡುವ ಕೆಲಸ. ಅಲ್ಲಿ ಐದು ಜನ ಹೆಂಗಸರು, ಒಂದು ಉದ್ದನೆಯ ಮೇಜು. ಮಧ್ಯಾಹ್ನ ಐದು ಡಬ್ಬಿಗಳೂ ಒಟ್ಟಿಗೆ ತೆರೆದರೆ ಯಾರ ಊಟ ಯಾರ ತಟ್ಟೆಯಲ್ಲಿ ಎಂದು ಲೆಕ್ಕವಿರುತ್ತಿರಲಿಲ್ಲ. ಒಬ್ಬರ ಅತ್ತೆಯ ಕಾಟ, ಇನ್ನೊಬ್ಬರ ಮಗಳ ಪರೀಕ್ಷೆ, ಮತ್ತೊಬ್ಬರ ಗಂಡನ ಗೊರಕೆ ಎಲ್ಲವೂ ಆ ಮೇಜಿನ ಮೇಲೆಯೇ ಬಿಚ್ಚಿಕೊಳ್ಳುತ್ತಿತ್ತು. ಜನ ಮನೆಯ ಟಿವಿ ಬಿಟ್ಟು ಕೈಯಲ್ಲಿನ ಫೋನು ನೋಡಲು ಶುರುಮಾಡಿದ ಮೇಲೆ ಆಫೀಸು ಸೊರಗುತ್ತ ಬಂತು. ಒಬ್ಬೊಬ್ಬರಾಗಿ ಬಿಟ್ಟರು. ಕಡೆಗೆ ಉಳಿದವರು ಗೇರಕ್ಕ ಒಬ್ಬರೇ. ಮುಚ್ಚುವ ವಾರ ಆ ಉದ್ದ ಮೇಜಿನ ಒಂದು ತುದಿಯಲ್ಲಿ ಕೂತು ಊಟ ಮಾಡಿದ್ದನ್ನು ಹೇಳುವಾಗ ನಗುತ್ತಾರೆ. "ಅಭ್ಯಾಸ ಬಲ ನೋಡಿ. ಡಬ್ಬಿ ತೆಗೆದು ಮಧ್ಯಕ್ಕೆ ತಳ್ಳಿದೆ. ತಗೊಳ್ಳೋರು ಯಾರೂ ಇರ್ಲಿಲ್ಲ."

ಎಡಿಟಿಂಗ್ ಕಲಿತದ್ದು ಅಲ್ಲಿಯೇ, ಕೈ ಖಾಲಿಯಿದ್ದಾಗ, ತಾನಾಗಿ. ಆಮೇಲೆ ಅದೇ ಹೊಟ್ಟೆಪಾಡಾಯಿತು. ಮದುವೆಯಾಗಲಿಲ್ಲ. ಒಂದೆರಡು ಸಲ ಮಾತುಕತೆ ನಡೆದು ನಿಂತುಹೋಯಿತು, ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ, ತಾವೂ ಎತ್ತಲಿಲ್ಲ. ಬೇರೆ ಊರಿನಲ್ಲಿರುವ ತಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಊಟ ಆಯ್ತಾ, ಆರೋಗ್ಯ ಹೇಗಿದೆ ಎಂದು ಕೇಳಿ, ಎರಡನೆಯದಕ್ಕೆ ಉತ್ತರ ಬರುವ ಮೊದಲೇ ಮಗಳ ಕೈಗೆ ಕೊಡುತ್ತಾನೆ. ಆ ಹುಡುಗಿಗೆ ಮಾತ್ರ ಅತ್ತೆಯ ಮೇಲೆ ವಿಪರೀತ ಹೆಮ್ಮೆ. ಅತ್ತೆ ಸಿನಿಮಾದವರು ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಈ ಕೆಲಸಕ್ಕೆ ಒಂದು ವಿಚಿತ್ರವಿದೆ. ಗೇರಕ್ಕನಿಗೆ ಊರಿನ ಅರ್ಧಕ್ಕರ್ಧ ಮಂದಿಯ ಮುಖ ಗೊತ್ತು, ಊರಿನ ಯಾರಿಗೂ ಗೇರಕ್ಕನ ಮುಖ ಗೊತ್ತಿಲ್ಲ. ಯಾವ ಮದುಮಗಳು ನಗುವಾಗ ಎಡಗಣ್ಣು ಸಣ್ಣದು ಮಾಡುತ್ತಾಳೆ, ಯಾವ ಚಿಕ್ಕಪ್ಪ ಕ್ಯಾಮೆರಾ ಕಂಡರೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ ಎಲ್ಲವೂ ಅವರಿಗೆ ಕಂಠಪಾಠ. ಒಮ್ಮೆ ತರಕಾರಿ ಅಂಗಡಿಯಲ್ಲಿ ತಾವು ವಾರಗಟ್ಟಲೆ ನೋಡಿದ್ದ ಮದುಮಗಳು ಪಕ್ಕದಲ್ಲೇ ಟೊಮೆಟೊ ಆರಿಸುತ್ತಿದ್ದಳು. ಬಾಯಿ ತಪ್ಪಿ ಮಾತಾಡಿಸಿಬಿಟ್ಟರು. ನಿಮ್ಮ ತಮ್ಮನ ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿದರಾ ಎಂದು ಕೇಳಿದರು. ಆಕೆ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು, ನೀವ್ಯಾರು ಎಂದಳು. ಹೇಳುವುದು ಹೇಗೆಂದು ತಿಳಿಯದೆ ಗೇರಕ್ಕ ಬೇರೆ ಯಾರೋ ಅಂದುಕೊಂಡೆ ಎಂದು ಚೀಲ ಎತ್ತಿಕೊಂಡು ಬಂದರು. ಅಂದಿನಿಂದ ಪೇಟೆಯಲ್ಲಿ ಪರಿಚಯದ ಮುಖ ಕಂಡರೆ ತಲೆ ತಗ್ಗಿಸುತ್ತಾರೆ.

ಹಾಗಿದ್ದ ಗೇರಕ್ಕನ ಕೋಣೆಗೆ, ಹೋದ ವರ್ಷ, ಒಬ್ಬರು ಮೆಟ್ಟಿಲು ಹತ್ತಿ ಬಂದರು.

ಅದಕ್ಕೆ ಮೊದಲು ನಡೆದದ್ದು ಇಷ್ಟು. ಬಿದ್ದು ಪೆಟ್ಟಾದವರಿಗೆ, ಲಕ್ವ ಹೊಡೆದವರಿಗೆ ಮತ್ತೆ ನಡೆಯಲು ಕಲಿಸುವ ಫಿಸಿಯೋಥೆರಪಿ ಕೇಂದ್ರವೊಂದು ಗೇರಕ್ಕನಿಗೆ ತಿಂಗಳು ತಿಂಗಳೂ ಕೆಲಸ ಕೊಡುತ್ತಿತ್ತು. ಖಾಯಂ ಎನ್ನಬಹುದಾದ ಗಿರಾಕಿ ಅದೊಂದೇ. ಕೇಂದ್ರದ ಹೊಸ ಕಟ್ಟಡದ ಸಮಾರಂಭಕ್ಕೆ ಅವರೊಂದು ಚಿಕ್ಕ ವಿಡಿಯೋ ಮಾಡಿಸಿದರು. ಗೋಡೆಗೆ ಕಟ್ಟಿದ ಸಾರುವೆ ಮೇಲಿಂದ ಬಿದ್ದ ಮನೆ ಬಣ್ಣದ ಪೇಂಟರ್ ಒಬ್ಬರು ಮತ್ತೆ ನಡೆದಾಡುವಂತಾದ ಕಥೆ. ಅವರಿಗೆ ನಡಿಗೆ ಕಲಿಸಿದ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು ತಿಂಗಳುಗಟ್ಟಲೆ ತನ್ನ ಫೋನಿನಲ್ಲಿ ಹಿಡಿದಿಟ್ಟ ತುಣುಕುಗಳಿದ್ದವು. ಗೇರಕ್ಕ ತಮಗೆ ಗೊತ್ತಿದ್ದಂತೆ ಮಾಡಿದರು. ಮೊದಲು ಧ್ವನಿ ಬಂದ್, ಮೇಲೆ ಸಂಗೀತ. ಹಾಸಿಗೆ, ಗಾಲಿಕುರ್ಚಿ, ಹಿಡಿದು ನಡೆಯುವ ಎರಡು ಕಂಬಿಗಳ ನಡುವಿನ ತಡವರಿಕೆ ಎಲ್ಲವನ್ನೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಓಡಿಸಿ, ಪೇಂಟರ್ ಕೋಲು ಬಿಟ್ಟು ಹಾಕಿದ ಮೊದಲ ಹೆಜ್ಜೆಗೆ ವೇಗ ಇಳಿಸಿದರು. ಕಾಲು ನೆಲ ಮುಟ್ಟುವುದು ಹಕ್ಕಿ ಗರಿ ಇಳಿದಂತೆ. ಸಮಾರಂಭದಲ್ಲಿ ಚಪ್ಪಾಳೆಯೋ ಚಪ್ಪಾಳೆ ಎಂದು ಆಮೇಲೆ ತಿಳಿಯಿತು. ವಿಡಿಯೋ ಫೋನಿಂದ ಫೋನಿಗೆ ಊರೆಲ್ಲ ಸುತ್ತಿತು.

ಕೆಲವು ದಿನ ಕಳೆದ ಮೇಲೆ, ಒಂದು ಮುಂಜಾನೆ, ಮೆಟ್ಟಿಲ ಮೇಲೆ ಕೋಲಿನ ಸದ್ದು. ಒಂದು ಕುಟ್ಟು, ಒಂದು ಹೆಜ್ಜೆ, ಉಸಿರಿಗಾಗಿ ನಿಲ್ಲುವುದು. ಬಾಗಿಲು ತೆರೆದರೆ ತಾವು ನೂರಾರು ಸಲ ಹಿಂದೆ ಮುಂದೆ ಓಡಿಸಿದ್ದ ಮನುಷ್ಯ ಬೆವರಿಳಿಸುತ್ತ ನಿಂತಿದ್ದಾರೆ. ಗೇರಕ್ಕ ಗಡಿಬಿಡಿಯಲ್ಲಿ ಮಡಚಿದ ಕುರ್ಚಿ ಬಿಡಿಸಲು ಹೋಗಿ ಬೆರಳು ಸಿಕ್ಕಿಸಿಕೊಂಡರು.

ಪೇಂಟರ್ ಕೂತು ಸುಧಾರಿಸಿಕೊಂಡು ಗೋಡೆಗಳನ್ನೊಮ್ಮೆ ನೋಡಿದರು. ಎರಡನೇ ಕೋಟು ಹೊಡೆದೇ ಇಲ್ಲ ಎಂದು ತಮ್ಮಷ್ಟಕ್ಕೇ ಗೊಣಗಿದರು. ಆಮೇಲೆ ವಿಷಯಕ್ಕೆ ಬಂದರು. ಎರಡು ವಿಷಯ ಇದ್ದವು. ಮೊದಲನೆಯದು ಮನೆಯ ಜಗಳ. ಕಂಬಿಗಳ ನಡುವೆ ತಾವು ಬಿದ್ದ ದಿನ ಹೆಂಡತಿ ನಕ್ಕಿದ್ದಳೆಂದು ಇವರ ವಾದ. ತಾನು ನಗಲೇ ಇಲ್ಲ, ಗಂಡ ಬಿದ್ದಾಗ ಯಾವ ಹೆಂಗಸು ನಗುತ್ತಾಳೆ ಎಂದು ಆಕೆಯ ವಾದ. ಸಾರುವೆಯಿಂದ ಬಿದ್ದ ದಿನದಿಂದ ಆಕೆಯ ಮುಖದಲ್ಲಿ ನಗು ಕಂಡದ್ದು ಅದೊಂದೇ ಸಲ. ಈ ವಿಡಿಯೋದಲ್ಲಿ ಅದು ಸಿಕ್ಕೇ ಸಿಗುತ್ತದೆಂದು ಸಮಾರಂಭದಲ್ಲಿ ಕಣ್ಣು ಪಿಳುಕಿಸದೆ ಕೂತಿದ್ದರಂತೆ.

"ಸುಯ್ಯಂತ ಹೋಗ್ಬಿಡ್ತು," ಎಂದರು ಪೇಂಟರ್. "ಅವ್ಳು ನಕ್ಕಿದ್ದು ಎಲ್ಲಿ ಹೋಯ್ತಮ್ಮಾ?"

ಗೇರಕ್ಕ ಮೂಲ ತುಣುಕನ್ನು ಹುಡುಕಿದರು. ಇತ್ತು. ಅದನ್ನು ಧ್ವನಿಯ ಸಮೇತ ಅವರು ಒಮ್ಮೆಯೂ ಕೇಳಿರಲಿಲ್ಲ. ಕಂಬಿಗಳ ನಡುವೆ ಪೇಂಟರ್ ಕುಸಿಯುತ್ತಾರೆ. ಫಿಸಿಯೋಥೆರಪಿಸ್ಟ್ ಫೋನನ್ನು ಕುರ್ಚಿಯ ಮೇಲೆ ಎಸೆದು ಓಡುತ್ತಾಳೆ. ಚಿತ್ರ ವಾರೆಯಾಗುತ್ತದೆ. ನೆಲದ ಮೇಲೆ ಅಂಗಾತ ಪೇಂಟರ್, ಎತ್ತಲು ಬಗ್ಗಿದ ಹೆಂಡತಿ. ಆಮೇಲೆ ಕಂಬಿಯನ್ನು ಕೆಳಗಿನಿಂದ ದಿಟ್ಟಿಸುತ್ತ ಪೇಂಟರ್ ಹೇಳುವುದು ಸ್ಪಷ್ಟವಾಗಿ ಕೇಳುತ್ತದೆ: "ಕಂಬಿ ಕೆಳಗಡೆ ಬಣ್ಣಾನೇ ಹೊಡೆದಿಲ್ಲ ಕಣೇ, ಕಳ್ಳ ನನ್ಮಗ." ಹೆಂಡತಿ ಎತ್ತಲು ಹೋದವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಭುಜ ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ, ನಿಲ್ಲಿಸಲಾಗದೆ.

ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು. ವೇಗ ಏರಿಸಿದಾಗ ನಡುವಿನವು ಉದುರಿಹೋಗುತ್ತವೆ. ಆ ನಗುವಿನಲ್ಲಿ ಗೇರಕ್ಕ ಉಳಿಸಿದ್ದು ನಾಲ್ಕೋ ಐದೋ. ಕಣ್ಣಿಗೆ ಬೀಳುವಷ್ಟೂ ಇರಲಿಲ್ಲ.

ಎರಡನೆಯ ವಿಷಯಕ್ಕೆ ಬರುವಾಗ ಪೇಂಟರ್ ದನಿ ತಗ್ಗಿಸಿದರು. ಅಂದು ಸಾರುವೆಯಿಂದ ಬಿದ್ದವರು ಇಬ್ಬರು. ಜೊತೆಗಾರ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಅವನ ಮನೆಯವರು ಈ ವಿಡಿಯೋವನ್ನು ಅವನಿಗೆ ದಿನಾ ತೋರಿಸುತ್ತಿದ್ದಾರೆ.

"ನೋಡು, ಅವ್ನು ಎದ್ದು ಓಡಾಡ್ತಿದಾನೆ, ನಿಂಗೇನ್ ದಾಡಿ ಅಂತಾರಂತೆ. ಅವ್ನು ಈಗ ಗೋಡೆ ಕಡೆ ತಿರುಗಿ ಮಲಗಿದ್ರೆ ಈ ಕಡೆ ತಿರುಗಲ್ಲ. ನಾನು ಹಂಗೆ ಎದ್ದಿಲ್ಲಮ್ಮಾ. ನಿಮ್ಗೆ ಗೊತ್ತಲ್ಲ, ನೀವು ಎಲ್ಲಾ ನೋಡಿದೀರಲ್ಲ."

ಫೋನಿನಲ್ಲಿ ಹಿಡಿದವಳನ್ನು ಬಿಟ್ಟರೆ ಎಲ್ಲವನ್ನೂ ನೋಡಿದವರು ನಿಜಕ್ಕೂ ಗೇರಕ್ಕ ಒಬ್ಬರೇ. ಒಂದು ಹೆಜ್ಜೆಗಾಗಿ ಆ ಮನುಷ್ಯ ಹಲ್ಲು ಕಚ್ಚಿದ್ದು, ಗಾಲಿಕುರ್ಚಿಯ ಹಿಡಿಗೆ ಗುದ್ದಿದ್ದು, ಇವತ್ತು ಬೇಡ ಎಂದು ಕೈಯಾಡಿಸಿ ಮಗುವಿನಂತೆ ಹಟ ಹಿಡಿದದ್ದು. ಎಲ್ಲವನ್ನೂ ಓಡಿಸಿದ್ದು ತಮ್ಮದೇ ಬೆರಳು.

ಅಂದಿನಿಂದ ಪೇಂಟರ್ ಹಲವು ಮುಂಜಾನೆ ಬಂದರು. ವಿಡಿಯೋ ಹೊಸದಾಗಿ ಕಟ್ಟಬೇಕಾಗಿತ್ತು. ತುಣುಕುಗಳನ್ನು ಹಿಡಿದ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳನ್ನು ಕೇಳಿದ್ದಕ್ಕೆ, ಅದು ಅವರ ನಡಿಗೆ, ಅವರಿಗೆ ಹೇಗೆ ಬೇಕೋ ಹಾಗೆ ಮಾಡಿಕೊಡಿ ಎಂದಳು. ಪೇಂಟರ್ ಮಡಚುವ ಕುರ್ಚಿಯಲ್ಲಿ ಕೂತು, ಯಾವುದು ಎಷ್ಟು ಹೊತ್ತು ಹಿಡಿಯಿತು ಎಂದು ಹೇಳುತ್ತಿದ್ದರು. ಗೇರಕ್ಕ ಗೆರೆಯನ್ನು ಕೆಳಕ್ಕೆ ತರುತ್ತಿದ್ದರು. ಬಿದ್ದದ್ದು ಅದರದೇ ವೇಗದಲ್ಲಿ. ನಗು ಅದರದೇ ವೇಗದಲ್ಲಿ, ಅದರದೇ ಸದ್ದಿನೊಂದಿಗೆ. ಏನೂ ಮುಂದೆ ಸಾಗದ ವಾರಗಳೂ ಇದ್ದವು. ಅವನ್ನೂ ಸುಮ್ಮನೆ ಸಾಲಾಗಿ ಇಟ್ಟರು. ಓಡಿಸಿದ್ದು ಒಂದನ್ನು ಮಾತ್ರ: ಕ್ಯಾಮೆರಾದವರಿಂದ ತರಿಸಿಕೊಂಡ ಸಮಾರಂಭದ ತುಣುಕು, ಹಾರ, ಭಾಷಣ, ಚಪ್ಪಾಳೆ. ಅದನ್ನು ಸುಯ್ಯೆಂದು ಓಡಿಸಿದಾಗ ಭಾಷಣಕಾರರ ಕೈಗಳು ನೊಣ ಹೊಡೆಯುವಂತೆ ಆಡಿದವು. ಇಬ್ಬರೂ ಬಿದ್ದೂ ಬಿದ್ದೂ ನಕ್ಕರು.

ಆ ದಿನಗಳಲ್ಲಿ ಗೇರಕ್ಕ ಎರಡು ಲೋಟ ಟೀ ಮಾಡುತ್ತಿದ್ದರು. ಪೇಂಟರ್ ಬಾರದ ದಿನವೂ ಕೈ ಎರಡು ಲೋಟಕ್ಕೇ ನೀರಿಟ್ಟುಬಿಡುತ್ತಿತ್ತು.

ಸಿದ್ಧವಾದದ್ದನ್ನು ಗೇರಕ್ಕ ತಾವೇ ಕೇಂದ್ರಕ್ಕೆ ತೆಗೆದುಕೊಂಡು ಹೋದರು. ಇಷ್ಟು ವರ್ಷದಲ್ಲಿ ಗಿರಾಕಿಯ ಎದುರು ನಿಂತು ಮಾತಾಡಿದ್ದೇ ಇಲ್ಲ. ಹಳೆಯದನ್ನು ತೆಗೆದು ಇದನ್ನು ಹಾಕಿ ಎಂದು ಕೇಳಿದರು. ವ್ಯವಸ್ಥಾಪಕರು ಒಳ್ಳೆಯ ಮನುಷ್ಯರೇ. ಟೀ ತರಿಸಿದರು, ಕೂತು ಅರ್ಧದವರೆಗೂ ನೋಡಿದರು. ಆಮೇಲೆ, ಇಷ್ಟುದ್ದ ಯಾರು ನೋಡ್ತಾರೆ ಎಂದರು. ಬಿದ್ದದ್ದನ್ನು ತೋರಿಸಿದರೆ ಇಲ್ಲಿಗೆ ಬರುವವರು ಹೆದರುವುದಿಲ್ಲವೇ ಎಂದರು.

"ಬಿದ್ದೋರೇ ಅಲ್ವಾ ಸಾರ್ ಇಲ್ಲಿಗೆ ಬರೋದು," ಎಂದುಬಿಟ್ಟರು ಗೇರಕ್ಕ.

ವ್ಯವಸ್ಥಾಪಕರು ನಕ್ಕರು. ಯೋಚನೆ ಮಾಡ್ತೀವಿ ಎಂದರು. ಆ ಯೋಚನೆ ಇನ್ನೂ ಮುಗಿದಂತಿಲ್ಲ. ಕೇಂದ್ರದ ಮುಂಬಾಗಿಲ ಟಿವಿಯಲ್ಲಿ ಇವತ್ತಿಗೂ ಹಳೆಯ ವಿಡಿಯೋವೇ ಓಡುತ್ತಿದೆ. ಗೇರಕ್ಕನಿಗೆ ಮುಂದಿನ ತಿಂಗಳ ಕೆಲಸ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಬೇರೆ ಯಾರೋ ಮಾಡುತ್ತಿದ್ದಾರೆಂದು ಕ್ಯಾಮೆರಾದವರೊಬ್ಬರ ಬಾಯಿಂದ ಕೇಳಿದರು. ಬೇಜಾರಾಗಲಿಲ್ಲವೇ ಎಂದರೆ, "ಆಯ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾರೆ. ಈಗ ಸೈಕಲ್ ಪಂದ್ಯ, ಜಿಮ್ ಜಾಹೀರಾತು, ಕಾರು ತೊಳೆಯುವ ಅಂಗಡಿ ಎಂದು ಸಿಕ್ಕಿದ್ದೆಲ್ಲ ಮಾಡುತ್ತಾರೆ.

ಹೊಸ ವಿಡಿಯೋ ಜೊತೆಗಾರನ ಮನೆಗೆ ಹೋಗುವ ಮೊದಲು ಇನ್ನೊಂದು ಬೆಳಗು ಇತ್ತು. ಪೇಂಟರ್ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಬರುವಾಗಲೇ ಮುಖ ಊದಿಸಿಕೊಂಡಿದ್ದರು. ನಕ್ಕಿಲ್ಲ ಎಂದರೆ ಇಲ್ಲ, ಇದೆಲ್ಲ ಇವರ ಭ್ರಮೆ ಎಂದು ಬಾಗಿಲಲ್ಲೇ ಹೇಳಿದರು. ಕುರ್ಚಿ ಒಂದೇ ಇದ್ದುದರಿಂದ ಆಕೆ ಮಂಚದ ತುದಿಯಲ್ಲಿ ಕೂತರು. ಗೇರಕ್ಕ ವಿಡಿಯೋ ಬಿಟ್ಟು, ಜಾಗವಿಲ್ಲದೆ, ಮೇಜಿನ ಪಕ್ಕ ಗೋಡೆಗೆ ಆತು ನಿಂತರು. ಅಲ್ಲಿಂದ ಅವರಿಗೆ ಪರದೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಆ ಇಬ್ಬರ ಮುಖ.

ಬಿದ್ದ ಸದ್ದು ಬಂತು. ಪೇಂಟರ್ ಹೆಂಡತಿಯ ಕಡೆ ತಿರುಗಿದರು. ಕಂಬಿಯ ಬಣ್ಣದ ಮಾತು ಬಂತು. ಆಮೇಲೆ ಆ ನಗು, ಉದ್ದಕ್ಕೆ, ಕೋಣೆ ತುಂಬ. ಮಂಚದ ತುದಿಯಲ್ಲಿದ್ದ ಹೆಂಗಸು ಪರದೆಯಲ್ಲಿದ್ದ ಹೆಂಗಸಿನಂತೆಯೇ ಬಾಯಿಗೆ ಕೈ ಅಡ್ಡ ಹಿಡಿದರು. ಬಹಳ ಹೊತ್ತಿನ ಮೇಲೆ ಕೈ ತೆಗೆದು, "ಹಂಗೂ ನಕ್ಕಿದೀನಲ್ಲ ನಾನು," ಎಂದರು, ಮೆಲ್ಲಗೆ. ಗೆದ್ದ ಪೇಂಟರ್ ಗೆದ್ದೆ ಎನ್ನಲಿಲ್ಲ. ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚುತ್ತ ಕೂತರು.

ಜೊತೆಗಾರ ಅದನ್ನು ನೋಡಿದನಂತೆ. ಬೀಳುವ ಭಾಗವನ್ನು ಮತ್ತೊಮ್ಮೆ ಹಾಕಿಸಿಕೊಂಡನಂತೆ. ಮುಂದಿನ ವಾರ ಫಿಸಿಯೋಥೆರಪಿಸ್ಟ್ ಅವನ ಮನೆಗೆ ಬಂದಾಗ ಎಂದಿನಂತೆ ಬಾಗಿಲು ಹಾಕಿ ಎನ್ನಲಿಲ್ಲ, ಕೈ ಕೊಟ್ಟ. ಈಗ ಹಾಸಿಗೆಯ ಅಂಚಿನಲ್ಲಿ ಕೂರುತ್ತಾನೆ, ಅಷ್ಟೇ. ಇದನ್ನು ಪೇಂಟರ್ ಫೋನು ಮಾಡಿ ತಿಳಿಸಿದರು. ಮೊದಲು ಆಗಾಗ ಮಾಡುತ್ತಿದ್ದರು. ಈಗ ಊರಿನ ಆಚೆ ತುದಿಯ ಬಣ್ಣದಂಗಡಿಯಲ್ಲಿ ಕೂತು ಬಣ್ಣ ಬೆರೆಸುವ ಕೆಲಸ ಸಿಕ್ಕಿದೆ, ಬಿಡುವಿಲ್ಲ. ಫೋನು ಕಡಿಮೆಯಾಗಿದೆ. ಮೂರು ಮಹಡಿ ಹತ್ತುವ ಕಾರಣವೂ ಅವರಿಗಿಲ್ಲ. ಗೇರಕ್ಕನಿಗೆ ಅದರ ಬಗ್ಗೆ ಮುನಿಸಿಲ್ಲ. ಎದ್ದು ನಡೆಯುವವರು ಹೋಗಲೇಬೇಕಲ್ಲ ಎನ್ನುತ್ತಾರೆ. ಟೀಗೆ ಈಗ ಒಂದೇ ಲೋಟದ ನೀರು.

ಕೆಳಗೆ ಶಟರ್ ಏಳುವ ಸದ್ದು. ಮೇಜು ನಡುಗುವ ಹೊತ್ತಾಯಿತು. ಗೇರಕ್ಕ ಕೆಲಸ ನಿಲ್ಲಿಸಿ, ಕಣ್ಣಿನ ಮೇಲೆ ಅಂಗೈ ಒತ್ತಿಕೊಂಡು ಕೂರುತ್ತಾರೆ. ಮುಂದೆ ಏನಾದರೂ ಆಸೆ ಇದೆಯೇ? ಹೊಸ ಕಂಪ್ಯೂಟರೇ, ದೊಡ್ಡ ಕೋಣೆಯೇ ಎಂದರೆ ಎರಡಕ್ಕೂ ಬೇಡವೆಂದು ತಲೆ ಅಲ್ಲಾಡಿಸುತ್ತಾರೆ.

"ಇಷ್ಟು ವರ್ಷ ಮಾಡಿದ್ದೆಲ್ಲ ಜನ ಎಲ್ಲೆಲ್ಲೋ ನೋಡಿರ್ತಾರೆ. ನೋಡ್ತಿರೋವಾಗ ಅವ್ರ ಮುಖಾನ ನಾನು ನೋಡಿದ್ದು ಅವತ್ತೊಂದೇ ದಿನ," ಎನ್ನುತ್ತಾರೆ. ಆಮೇಲೆ, ಕೇಳಬಾರದ್ದನ್ನು ಕೇಳುವವರ ಸಂಕೋಚದಲ್ಲಿ: "ಯಾವ್ದಾದ್ರೂ ಸಮಾರಂಭದಲ್ಲಿ ನಾನು ಮಾಡಿದ್ದನ್ನ ಹಾಕುವಾಗ ಒಂದ್ಸಲ ಕರೆದ್ರೆ ಸಾಕು. ಮುಂದೆ, ಪರದೆ ಪಕ್ಕ, ಜನರ ಕಡೆ ಮುಖ ಮಾಡಿ ಒಂದು ಕುರ್ಚಿ. ನಂಗೆ ಪರದೆ ಕಾಣದಿದ್ರೂ ಪರವಾಗಿಲ್ಲ."